ಪಿಟೀಲು ನಿಂತದ್ದು ಕೇಳಿಸಿಕೊಂಡವರು

ಅವರ ಬಲಗೈ ಹೆಬ್ಬೆರಳ ಮೇಲೆ ಹುಣಸೆಬೀಜದಷ್ಟು ದೊಡ್ಡದಾಗಿ ಜಡ್ಡುಗಟ್ಟಿತ್ತು. ನಲವತ್ತು ವರ್ಷ ಕ್ಲಾರಿನೆಟ್ಟಿನ ಭಾರವನ್ನೆಲ್ಲ ಹೊತ್ತಿದ್ದು ಆ ಬೆರಳೇ. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿ ತುಮಕೂರಿನಲ್ಲಿದ್ದ ಅವರನ್ನು ಎಲ್ಲರೂ ಬ್ಯಾಂಡ್ ಮಾಸ್ಟರ್ ಎಂದೇ ಕರೆಯುತ್ತಿದ್ದರು.

ನಾನಾಗ ಎಂಜಿನಿಯರಿಂಗ್ ಓದುತ್ತಿದ್ದೆ. ನಾಲ್ಕು ಜನರ ನಮ್ಮ ರಾಕ್ ಬ್ಯಾಂಡಿಗೆ ಹಾಡು ಬರೆಯುವವಳೂ ಡ್ರಮ್ ಬಾರಿಸುವವಳೂ ನಾನೇ. ಹೊರದೇಶದ ಬ್ಯಾಂಡುಗಳು ದೊಡ್ಡ ಆರ್ಕೆಸ್ಟ್ರಾದೊಂದಿಗೆ ನುಡಿಸುವುದನ್ನು ನೋಡಿ ನಮಗೂ ಹುಚ್ಚು ಹಿಡಿಯಿತು. ಮಾಸ್ಟರ್ ಮನೆಗೆ ಹೋಗಿ ಫೋನಿನಲ್ಲಿ ಅಂಥದೊಂದು ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು.

"ಮಾಡಣ. ಆದ್ರೆ ನಾನ್ ಹೇಳ್ದಂಗೆ ಕೇಳ್ಬೇಕು ಕಣಮ್ಮ."

ಎರಡು ತಿಂಗಳಲ್ಲಿ ಹದಿನಾರು ಜನರನ್ನು ಕೂಡಿಸಿದರು. ಅವರ ಹಳೆಯ ಸಂಗಡಿಗರು, ಚರ್ಚಿನಲ್ಲಿ ವಯೊಲಿನ್ ನುಡಿಸುವ ಹುಡುಗಿಯರು, ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ಟ್ರಂಪೆಟ್ಟಿನವರು, ಗುಬ್ಬಿಯ ವಯಸ್ಸಾದ ಪಿಟೀಲು ಮೇಷ್ಟ್ರು. ಪ್ರತಿಯೊಬ್ಬರ ಭಾಗವನ್ನೂ ತಾವೇ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಮೇಷ್ಟ್ರಿಗೆ ಮಾತ್ರ ಸರಿಗಮದಲ್ಲಿ.

ಒಂದು ಭಾನುವಾರ ಬೆಳಿಗ್ಗೆ ತಾಲೀಮು ಭರ್ಜರಿಯಾಗಿ ನಡೆದಿತ್ತು. ಮಾಸ್ಟರ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ನನ್ನತ್ತ ತಿರುಗಿದರು.

"ಗುಬ್ಬಿ ಮೇಷ್ಟ್ರು ನಿಲ್ಸಿ ಎಷ್ಟೊತ್ತಾಯ್ತಮ್ಮ?"

ನೋಡಿದೆ. ಮೇಷ್ಟ್ರು ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಗೊತ್ತಾಗ್ಲಿಲ್ಲ ಸಾರ್."

"ನಿನ್ ತಾಳ ಸರಿಯಾಗೇ ಇದೆ. ಆದ್ರೆ ಪಕ್ಕದೋರು ಇದಾರೋ ಇಲ್ವೋ ಅಂತ್ಲೇ ನಿಂಗೆ ಗೊತ್ತಾಗ್ಲಿಲ್ವಲ್ಲ."

"ಇರ್ಲಿ ಬುಡಿ ಸಾಹೇಬ್ರೆ, ನಂದು ಕೇಳ್ದಿದ್ರೇನು" ಎಂದು ಮೇಷ್ಟ್ರು ಪೆಟ್ಟಿಗೆ ಮುಚ್ಚಿಕೊಂಡು ಹೊರಟುಹೋದರು. ಮುಂದಿನ ವಾರ ಬರಲಿಲ್ಲ.

ಮಾಸ್ಟರ್ ನನ್ನನ್ನು ಬೈಯಲಿಲ್ಲ. ಗುಬ್ಬಿ ಬಸ್ಸು ಹತ್ತಿಸಿ ತಾವೂ ಪಕ್ಕದಲ್ಲಿ ಕೂತರು. ಮೇಷ್ಟ್ರ ಮನೆಯ ಜಗಲಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ನುಡ್ಸಿ ಮೇಷ್ಟ್ರೆ, ಈ ಮಗು ಇನ್ನೂ ನಿಮ್ಮನ್ನ ಕೇಳಿಲ್ಲ" ಎಂದರು. ಮೇಷ್ಟ್ರು ಪೆಟ್ಟಿಗೆ ತೆರೆದು, ನಮ್ಮ ಹಾಡಿನಲ್ಲಿ ತಮ್ಮ ಪಾಲಿನ ಭಾಗವನ್ನಷ್ಟೇ ನುಡಿಸಿದರು. ನಾನೇ ಬರೆದ ಹಾಡಿನಲ್ಲಿ ಅಷ್ಟು ದುಃಖವಿದೆಯೆಂದು ನನಗೇ ತಿಳಿದಿರಲಿಲ್ಲ. ಕ್ಷಮೆ ಕೇಳಿದೆ.

"ಬರ್ತೀನಿ ಬುಡವ್ವ" ಎಂದರು ಮೇಷ್ಟ್ರು.

ಕಾರ್ಯಕ್ರಮದ ದಿನ ಮೇಷ್ಟ್ರ ಭಾಗ ಬಂದಾಗ ಕೋಲುಗಳನ್ನು ಕೆಳಗಿಟ್ಟು ಬೆರಳುಗಳಿಂದ ತಟ್ಟಿದೆ. ತುಂಬಿದ ಸಭಾಂಗಣದ ಕೊನೆಯ ಸಾಲಿಗೂ ಪಿಟೀಲು ಕೇಳಿಸಿತಂತೆ. ಈಗ ನಾನೂ ನಾಲ್ಕು ಜನಕ್ಕೆ ಡ್ರಮ್ ಕಲಿಸುತ್ತೇನೆ. ಬಾರಿಸುವುದಕ್ಕಿಂತ ಮೊದಲು ಕಿವಿಗೊಡುವುದನ್ನು ಕಲಿಸುತ್ತೇನೆ. ಅದು ಮಾಸ್ಟರ್ ಅವರಿಂದ ಬಂದದ್ದು.

ಹೋದ ವರ್ಷ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಆಸ್ಪತ್ರೆಗೆ ಹೋದಾಗ ಹತ್ತಿರ ಕರೆದು ಪಿಸುದನಿಯಲ್ಲಿ, "ನಿಮ್ ರಾಕು ನಂಗೆ ಕೊನೇವರ್ಗೂ ಹಿಡಿಸ್ಲಿಲ್ಲ ಕಣಮ್ಮ. ಆದ್ರೆ ನಿಮ್ ಜೊತೆ ಕೂತ್ಕೊಂಡಿದ್ದು ಹಿಡಿಸ್ತು" ಎಂದರು. ನಾನು ನಕ್ಕು ಹೊದಿಕೆ ಸರಿಮಾಡಿ ಎದ್ದು ಬಂದೆ.

ಮೂರನೆಯ ದಿನ ತೀರಿಕೊಂಡರು. ಗಂಡಸರು ಅವರನ್ನು ಹೊತ್ತುಕೊಂಡು ಖಬರಸ್ತಾನಕ್ಕೆ ಹೋದರು. ಹೆಂಗಸರಾದ ನಾವು ಮನೆಯ ಗೇಟಿನಲ್ಲೇ ಉಳಿದೆವು. ಅವರ ಮಗಳ ಕೈ ಹಿಡಿದು ನಿಂತಿದ್ದೆ.

ಅವರ ಸಂಗೀತವೆಂದರೆ ನನಗೆ ಪ್ರಾಣವಾಗಿತ್ತು. ಅವತ್ತು ಹಾಸಿಗೆಯ ಪಕ್ಕದಲ್ಲಿ ಅದನ್ನು ಹೇಳಬಹುದಿತ್ತು. ಹೇಳಲಿಲ್ಲ.