ಬೀಗರೂಟಕ್ಕೆ ಬಂದ ಇತಿಹಾಸದ ಮೇಡಂ

ಬೀಗರೂಟದ ಅಡುಗೆ ಒಪ್ಪಿಕೊಳ್ಳುವ ಮುಂಚೆ ತಾಯಮ್ಮ ಮೇಡಂ ಆ ಊರಿನ ಬೀದಿಗಳನ್ನೆಲ್ಲ ಒಂದು ಸುತ್ತು ನಡೆದು ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ನೋಟ್‌ಬುಕ್ ಹಿಡಿದು, ಜಗುಲಿಯ ಮೇಲೆ ಕೂತ ಅಜ್ಜಿಯರನ್ನು ಮಾತಾಡಿಸುವರು. ಯಜಮಾನ "ಐನೂರು ಜನ ಆಯ್ತಾರೆ" ಎಂದರೆ ನಂಬುವ ಹೆಂಗಸಲ್ಲ.

"ಆಧಾರ ಏನಣ್ಣ? ಪತ್ರಿಕೆ ಎಷ್ಟ್ ಅಚ್ಚಾಕ್ಸಿದ್ರಿ ಅನ್ನೋದು ಬುಡಿ. ಕಬ್ಬು ಕಡಿಯೋರು ಎಷ್ಟೊತ್ಗೆ ಬತ್ತಾರೆ, ಯಾವ್ ಮನೆಗೂ ಯಾವ್ ಮನೆಗೂ ಮಾತಿಲ್ಲ, ಅದ ಯೋಳಿ."

ಅವರ ಅಡುಗೆಯಲ್ಲಿ ಮುದ್ದೆ ಮಿಕ್ಕಿದ್ದನ್ನೂ ನಾನು ಕಾಣೆ, ಸಾಲದೆ ಬಂದದ್ದನ್ನೂ ಕಾಣೆ.

ಅವರು ಇತಿಹಾಸದಲ್ಲಿ ಎಂ.ಎ., ನಾನು ಸಮಾಜಶಾಸ್ತ್ರದಲ್ಲಿ. ಇಬ್ಬರೂ ಒಂದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದೆವು. ವರ್ಷವರ್ಷವೂ ಕರೆ ಬರುತ್ತದೋ ಇಲ್ಲವೋ ಎಂದು ಬಾಗಿಲು ಕಾಯುವವರಿಗೆ ಅತಿಥಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಒಂದು ವರ್ಷ ಬಿ.ಎ.ಗೆ ಮಕ್ಕಳು ಸೇರಲಿಲ್ಲವೆಂದು ಕಾಲೇಜಿನವರು ಮೇಡಂ ಅವರ ಪಾಠಗಳನ್ನೆಲ್ಲ ಕಿತ್ತುಕೊಂಡರು. "ಪಾಪ, ಹಿಸ್ಟ್ರಿ ಓದ್ಕೊಂಡು ಏನ್ ಮಾಡೋಕಾಗುತ್ತೆ" ಎಂದು ಕಾಮರ್ಸ್‌ನವರೊಬ್ಬರು ಮರುಗಿದರು. ಮೇಡಂ ಬೈಗುಳವನ್ನಾದರೂ ತಡೆದುಕೊಳ್ಳುವರು, ಮರುಕವನ್ನು ತಡೆಯಲಾರರು. ಮುಂದಿನ ತಿಂಗಳೇ ಪೂರಿಗಾಲಿಯ ತಮ್ಮ ಹಿತ್ತಲಿಗೆ ನಾಲ್ಕು ಕೊಪ್ಪರಿಗೆ ಇಳಿಸಿದರು.

"ಬಾಡು ಬೇಯ್ಸೋದು ಗಂಡಸ್ರ ಕಸುಬು ಕಣಮ್ಮ" ಎಂದು ಮದ್ದೂರಿನ ಅಡುಗೆಯವನೊಬ್ಬ ನಕ್ಕ.

"ಮನೇಲಿ ದಿನಾ ಬೇಯ್ಸೋರು ಯಾರಪ್ಪ? ನಿಮ್ಮವ್ವನ್ನ ಕೇಳ್ಕಂಡ್ ಬಾ, ಓಗು" ಎಂದರು ಮೇಡಂ.

ಮೂರೇ ವರ್ಷದಲ್ಲಿ ಮಂಡ್ಯದ ಕಡೆಯಿಂದಲೂ ಜನ ಹುಡುಕಿಕೊಂಡು ಬರತೊಡಗಿದರು. ಹನ್ನೆರಡು ಹೆಂಗಸರು ಅವರ ಜೊತೆ ದುಡಿಯುತ್ತಿದ್ದರು. ನಾನಿನ್ನೂ ಕಾಲೇಜಿನ ಬಾಗಿಲು ಕಾಯುತ್ತಲೇ ಇದ್ದೆ.

ಹಲಗೂರಿನ ಹತ್ತಿರ ನನ್ನ ಸೋದರಮಾವನ ಊರು. ಮಾವನ ಮಗಳ ಬೀಗರೂಟಕ್ಕೆ ಮೇಡಂ ಹೆಸರು ಹೇಳಿದವನು ನಾನೇ. ಆ ಊರಿನ ಕೊನೇ ಬೀದಿಯವರು ಮೂರು ಪಂಕ್ತಿ ಎದ್ದ ಮೇಲೆ ಹಿತ್ತಲಲ್ಲಿ ಕೂತು ಉಣ್ಣುವುದು ವಾಡಿಕೆ. ಬೀದಿ ಸುತ್ತುವಾಗಲೇ ಅಲ್ಲಿನ ಅಜ್ಜಿಯೊಬ್ಬಳು ಮೇಡಂಗೆ ಇದನ್ನು ಹೇಳಿದ್ದಳಂತೆ. ನನ್ನ ಮುಂದೆ ಮಾತ್ರ ಮೇಡಂ ಬಾಯಿ ಬಿಟ್ಟಿರಲಿಲ್ಲ.

ಬೀಗರು ಬಂದು ಕೂತರು. ಎಲೆ ಹಾಕಿದ್ದಾಯಿತು, ನೀರು ಚಿಮುಕಿಸಿದ್ದಾಯಿತು. ಕೊಪ್ಪರಿಗೆಗಳ ಮುಚ್ಚಳ ಮಾತ್ರ ತೆಗೆಯಲಿಲ್ಲ. ಮಾವ ಓಡಿ ಬಂದರು.

"ಯಾಕಮ್ಮ, ಬಡ್ಸಿ."

"ಕೊನೇ ಬೀದಿಯೋರೂ ಬಂದ್ ಕೂತ್ಕಳ್ಲಿ, ಬಡುಸ್ತೀನಿ."

"ಅವ್ರು ಆಮೇಕೆ ಇತ್ಲಲ್ಲಿ ಉಣ್ತಾರೆ. ಮೊದ್ಲಿಂದ್ಲೂ ಅಂಗೇ ನಡ್ಕಂಡ್ ಬಂದದೆ."

"ಮೊದ್ಲು ಅಂದ್ರೆ ಯಾವಾಗ್ಲಿಂದಣ್ಣ? ಯಾರ್ ಸುರು ಮಾಡುದ್ರು?"

ಮಾವ ಕೆಂಡವಾದರು. "ನಿಮ್ ಹಿಸ್ಟ್ರಿ ಪಾಟವ ಕಾಲೇಜಲ್ಲಿ ಮಡಿಕಳಿ!"

"ಕಾಲೇಜ್ನೋರು ಬ್ಯಾಡ ಅಂದ್ರು ಕಣಣ್ಣ. ಅದ್ಕೇ ಇಲ್ಗೆ ತಂದಿವ್ನಿ."

ನಾನು ಅವರ ಬಳಿ ಹೋಗಿ ಪಿಸುಗುಟ್ಟಿದೆ. "ಬುಡಿ ಮೇಡಂ, ಒಂದೊತ್ತಿನ ಊಟ. ಈ ಕಡೆ ಇನ್ಯಾರೂ ನಿಮ್ಮನ್ನ ಕರೆಯಲ್ಲ."

"ಕರೀದಿದ್ರೆ ಬ್ಯಾಡ. ಒಂದೊತ್ತು ತಾನೇ ಮೇಷ್ಟ್ರೇ, ಆ ಒಂದೊತ್ತು ನೀವೋಗಿ ಇತ್ಲಲ್ಲಿ ಕೂತ್ಕಳಿ."

ನಾನು ಕೂರಲಿಲ್ಲ. ಜಾತಿ ಪದ್ಧತಿಯ ಬಗ್ಗೆ ವರ್ಷಗಟ್ಟಲೆ ಮಕ್ಕಳಿಗೆ ನೋಟ್ಸು ಬರೆಸಿದವನು ನಾನು. ಅಲ್ಲಿ ನಿಂತು ನೆಲ ನೋಡಿದೆ. ಇವತ್ತಿಗೂ ಅದು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಬೀಗರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಬೀಗರ ಮುಂದೆ ಮಾನ ಕಳೆದುಕೊಳ್ಳುವುದಕ್ಕಿಂತ ಹಲ್ಲು ಕಚ್ಚುವುದೇ ಮೇಲೆಂದು ಮಾವನಿಗೆ ಅನ್ನಿಸಿರಬೇಕು, ಆಳು ಕಳಿಸಿದರು. ಕೊನೇ ಬೀದಿಯವರು ಬಂದು, ಅಂಜುತ್ತ ಅಂಜುತ್ತಲೇ ಅದೇ ಸಾಲಿನಲ್ಲಿ ಕೂತರು. ಊಟ ನಡೆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆದರೆ ನಾನು ಹೇಳಿದ್ದು ಸುಳ್ಳಾಗಲಿಲ್ಲ. ಒಪ್ಪಿಸಿದ್ದ ಅಡುಗೆಗಳನ್ನು ಆ ಕಡೆಯವರು ಒಬ್ಬೊಬ್ಬರಾಗಿ ಬಿಡಿಸಿಕೊಂಡರು. ಒಂದು ಮದುವೆ ಕಾಲವಿಡೀ ಹಿತ್ತಲಿನ ಕೊಪ್ಪರಿಗೆಗಳು ಬೋರಲು ಬಿದ್ದಿದ್ದವು. ಹೆಂಗಸರಲ್ಲಿ ಅರ್ಧ ಜನ ಗಾರ್ಮೆಂಟ್ಸಿಗೆ ಹೋದರು. ಮಾವನ ಹತ್ತಿರ ತಪ್ಪಾಯಿತೆಂದು ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಮೇಡಂ ಹೇಳಲಿಲ್ಲ.

ಅವರು ತೀರಿಕೊಂಡು ಈಗ ವರ್ಷವಾಯಿತು. ಎದೆನೋವೆಂದರಂತೆ, ಆಸ್ಪತ್ರೆ ತಲುಪಲಿಲ್ಲ. ಅದಕ್ಕೆ ಹದಿನೈದು ದಿನ ಮುಂಚೆ ಫೋನ್ ಮಾಡಿದ್ದರು.

"ಭಾನುವಾರ ನಿಮ್ ಮಾವನ್ ಊರ್ ಕೊನೇ ಬೀದೀಲಿ ಬೀಗ್ರೂಟ. ನಂದೇ ಅಡ್ಗೆ. ನಿಮ್ಮನ್ನೂ ಕರೀತಾವ್ರೆ."

ಅರ್ಧ ಗಂಟೆಯಲ್ಲಿ ಮಾವನ ಫೋನೂ ಬಂತು. "ಅಲ್ಗೋಗಿ ಉಂಡ್ರೆ ನಮ್ಮನೆ ಕಡೆ ತಲೆ ಆಕ್ಬ್ಯಾಡ ಕಣ್ಲಾ."

ಹೋದೆ. ಬೀದಿಯ ನಡುವೆ ಶಾಮಿಯಾನ, ಉದ್ದಕ್ಕೆ ಬಾಳೆ ಎಲೆ. ಕೂತೆ. ಮೇಡಂ ತಾವೇ ಮುದ್ದೆಯ ತಟ್ಟೆ ಹಿಡಿದು ಬಂದರು. ಸ್ವಲ್ಪ ಇಳಿದುಹೋಗಿದ್ದರು. "ಮೇಡಂ, ಅವತ್ತು ನಾನು…" ಎಂದು ಶುರುಮಾಡಿದೆ.

"ಉಣ್ಣಿ ಮೊದ್ಲು, ಆರೋಯ್ತದೆ."

ಅಷ್ಟರಲ್ಲಿ ರಸ್ತೆಯಲ್ಲಿ ಮಾವನ ಮಗ ಬೈಕ್ ನಿಲ್ಲಿಸಿ ಮೊಬೈಲು ಎತ್ತಿ ಹಿಡಿದ. ಸಾಲಿನಲ್ಲಿ ಕೂತಿದ್ದವರೆಲ್ಲ ಉಣ್ಣುವುದು ಬಿಟ್ಟು ನನ್ನ ಕಡೆ ತಿರುಗಿದರು.

"ಫೋಟೋ ತಗೀತಾವ್ರೆ ಮೇಷ್ಟ್ರೇ" ಎಂದರು ಮೇಡಂ.

"ತಗೀಲಿ ಬುಡಿ" ಎಂದೆ. "ಇನ್ನೊಂದ್ ಮುದ್ದೆ ಆಕಿ."