ಬಾಯಿ ಕಟ್ಟಿದ ಸೋಮವಾರ

ಸೋಮವಾರದ ಮೀಟಿಂಗ್ ನಡುವೆ ನನ್ನ ಮಾತು ನಿಂತುಹೋಯಿತು.

ಮರೆತದ್ದಲ್ಲ. ಹೇಳಬೇಕಾದ ವಾಕ್ಯ ತಲೆಯಲ್ಲಿ ಸ್ಪಷ್ಟವಾಗಿತ್ತು. ನಾಲಿಗೆ ಏಳಲಿಲ್ಲ. ಮಾದಾಪುರದ ನಮ್ಮ ಸಾಫ್ಟ್‌ವೇರ್ ಕಂಪನಿ ಗೋಡೆಗಳಿಲ್ಲದ ಹೊಸ ಮಹಡಿಗೆ ಬಂದು ಮೂರು ತಿಂಗಳಾಗಿತ್ತು. ವಾರವಾರವೂ ಹೊಸಬರು ಸೇರುತ್ತಿದ್ದರು. ಇನ್ನೂರು ಜನರ ಮಾತು, ಫೋನು, ಕಾಫಿ ಮಷೀನಿನ ಗುರುಗುರು ಎಲ್ಲವೂ ಒಂದೇ ಸಲಕ್ಕೆ ಕಿವಿಗೆ ನುಗ್ಗುತ್ತಿದ್ದವು. ಎಲ್ಲರಿಗೂ ಹೀಗೇ ಇರುತ್ತದೆ, ಅವರು ತಡೆದುಕೊಳ್ಳುತ್ತಾರೆ, ನಾನೂ ತಡೆದುಕೊಳ್ಳಬೇಕು ಎಂದುಕೊಂಡಿದ್ದೆ. ಮೂವತ್ತೆಂಟು ವರ್ಷ ಹಾಗೆಯೇ ಅಂದುಕೊಂಡು ಬಂದವಳು ನಾನು.

ಸ್ಟ್ರೋಕ್ ಎಂದು ಹೆದರಿ ಆಸ್ಪತ್ರೆಗೆ ಒಯ್ದರು. ಬಾಲಾನಗರದ ಕಾರ್ಖಾನೆಯಿಂದ ನನ್ನ ಗಂಡ ಬಸವರಾಜ ಯೂನಿಫಾರ್ಮಿನಲ್ಲೇ ಓಡಿಬಂದರು. ಎಂಆರ್‌ಐ ನಾರ್ಮಲ್. ಇಸಿಜಿ ನಾರ್ಮಲ್. ಸಂಜೆಗೆ ಮಾತು ಬಂತು. ಆದರೆ ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಸ್ನಾನಕ್ಕೆ ಹೋಗುವುದೂ ಫೋನ್ ಎತ್ತುವುದೂ ಆಗದ ಕೆಲಸ. ನ್ಯೂರಾಲಜಿಸ್ಟ್ ನಮ್ಮನ್ನು ಸೈಕಿಯಾಟ್ರಿಸ್ಟ್ ಬಳಿಗೆ ಕಳಿಸಿದರು. ನನ್ನ ಬಾಲ್ಯದ ಬಗ್ಗೆ ಕೇಳಬೇಕೆಂದು ಆಕೆ ರಾಯಚೂರಿನಿಂದ ಅವ್ವನನ್ನೂ ಕರೆಸಿದರು. ಮೂರನೆಯ ಭೇಟಿಯಲ್ಲಿ ಹೇಳಿದರು.

ಆಟಿಸಂ.

ಹುಟ್ಟಿನಿಂದಲೂ ಇದ್ದದ್ದು, ಅದನ್ನು ಮುಚ್ಚಿಟ್ಟು ಎಲ್ಲರಂತೆ ನಡೆದುಕೊಳ್ಳುವ ಶ್ರಮಕ್ಕೆ ಮೈ ಸೋತಿದೆ ಎಂದರು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಆ ಪದ ಮಾತು ಬಾರದ ಮಕ್ಕಳಿಗೆ ಸೇರಿದ್ದು ಎಂದಷ್ಟೇ ತಿಳಿದಿದ್ದೆ.

ಅವ್ವ ಬಸವರಾಜರ ಕಡೆ ತಿರುಗಿದಳು. "ಸಣ್ಣಾಕಿದ್ದಾಗ ಕುಕ್ಕರ್ ಸೀಟಿ ಹೊಡದ್ರ ಕಿವಿ ಮುಚ್ಚಿಕೊಂಡು ಬೀದಿಗೆ ಓಡ್ತಿದ್ಲು. ಹಟಮಾರಿ ಅಂತ ನಾನು ಹೊಡೀತಿದ್ದೆ. ಹೊಡೀಬಾರದಿತ್ತೇನ್ರಿ?"



ಎರಡು ತಿಂಗಳ ರಜೆ ಮುಗಿಸಿ ರಾಜೀನಾಮೆ ಪತ್ರದೊಂದಿಗೆ ಮ್ಯಾನೇಜರ್ ವೆಂಕಟ್ ಎದುರು ಕೂತೆ. ನಾನು ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟಿಂಗ್ ತಂಡದ ಲೀಡ್. ಮೀಟಿಂಗಿನಲ್ಲಿ ಮಾತೇ ಹೊರಡದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವರು ಪತ್ರ ಓದಿ ಬದಿಗಿಟ್ಟರು. "ಮೀಕೇಂ ಕಾವಾಲೋ ಚೆಪ್ಪಂಡಿ," ಎಂದರು ತೆಲುಗಿನಲ್ಲಿ. ನಿಮಗೇನು ಬೇಕು, ಹೇಳಿ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಯಾರೂ ಕೇಳದ ಪ್ರಶ್ನೆ. ಎರಡು ದಿನ ಬಿಟ್ಟು ಬರೆದುಕೊಟ್ಟೆ: ಗೋಡೆ ಪಕ್ಕದ ಜಾಗ, ಬುಧವಾರ ಮನೆಯಿಂದ ಕೆಲಸ, ಮೀಟಿಂಗಿನ ಪ್ರಶ್ನೆಗಳು ಹಿಂದಿನ ದಿನವೇ ಬರಹದಲ್ಲಿ.

ನನಗೊಬ್ಬಳಿಗೆಂದು ವೆಂಕಟ್ ಶುರುಮಾಡಿದ ಪ್ರಶ್ನೆಗಳ ಮೇಲ್ ಇಡೀ ತಂಡಕ್ಕೆ ಹೋಗತೊಡಗಿತು. ಎರಡನೇ ವಾರ ರೆಹಮಾನ್ ಸಾಹೇಬರಿಂದ ಉತ್ತರ ಬಂತು. ತಂಡದಲ್ಲೇ ಹಿರಿಯರು, ಮೀಟಿಂಗಿನಲ್ಲಿ ಸದಾ ತಲೆಯಾಡಿಸಿ ಸುಮ್ಮನಾಗುವವರು. ಆಸ್ಪತ್ರೆಯೊಂದಕ್ಕೆ ನಾವು ಮಾಡುತ್ತಿದ್ದ ಸಾಫ್ಟ್‌ವೇರ್ ಮಕ್ಕಳ ಔಷಧದ ಪ್ರಮಾಣವನ್ನು ತಪ್ಪಾಗಿ ತೋರಿಸುತ್ತದೆ ಎಂದು ಬರೆದಿದ್ದರು.

ಉಳಿದ ಯಾರಿಗೂ ಅದು ಕಂಡಿರಲಿಲ್ಲ.

ಕ್ಯಾಂಟೀನಿನಲ್ಲಿ ಕೇಳಿದೆ, "ಇಷ್ಟು ದಿನ ಮೀಟಿಂಗ್‌ನಾಗ ಯಾಕ ಏನೂ ಅಂತಿದ್ದಿಲ್ರಿ?"

ಅವರು ಬೀದರಿನವರು. ದನಿ ತಗ್ಗಿಸಿದರು. "ನನ್ನ ಎಡಗಿವಿ ಕೇಳಸಂಗಿಲ್ರಿ ಮೇಡಂ. ಬಲಗಿವೀನೂ ಅಷ್ಟಕ್ಕಷ್ಟ. ನೀವೆಲ್ಲ ಏನ್ ಮಾತಾಡ್ತೀರಿ ಪೂರಾ ಗೊತ್ತೇ ಆಗ್ತಿದ್ದಿಲ್ಲ. ನೌಕರಿ ಹೋಗ್ತದ ಅಂತ ಅಂಜಿ ಯಾರ ಮುಂದೂ ಅಂದಿಲ್ಲ. ಈಗ ಬರದು ಕಳಸ್ತೀರಲ್ಲ, ಓದಿದ್ರ ಎಲ್ಲಾ ತಿಳೀತದ."

ಆರು ವರ್ಷ ಒಂದೇ ತಂಡದಲ್ಲಿ ಕೂತಿದ್ದೆವು.

ನನ್ನ ದಣಿವು ಪೂರ್ತಿ ಹೋಗಿಲ್ಲ. ಇದು ವಾಸಿಯಾಗಬೇಕಾದ ಕಾಯಿಲೆಯೇ ಅಲ್ಲ ಎನ್ನುತ್ತಾರೆ ಡಾಕ್ಟರ್. ಆ ಮಾತಿಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದೇನೆ. ಅವತ್ತು ಕ್ಯಾಂಟೀನಿನಲ್ಲಿ ಮಾತ್ರ ತಟ್ಟೆ ಎತ್ತಿಕೊಂಡು ಎದ್ದೆ. ಮೇಜು ಬಳಸಿ ಹೋಗಿ ಅವರ ಬಲಕ್ಕೆ ಕೂತೆ.

"ಆ ಔಷಧದ್ದು ಮೊದಲಿಂದ ಹೇಳ್ರಿ," ಎಂದೆ.