ಗುಂಡು ಬಡಿಯದೆ ಬಿದ್ದವರು

ಮೊಣಕಾಲು ನೋವಿಗೆಂದು ಡಾಕ್ಟರು ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟಿದ್ದಾರೆ. ಹಳದಿ ಬಣ್ಣದ, ಒತ್ತಿದರೆ ಮೆತ್ತಗಾಗುವ ಗುಳಿಗೆ. ಮೊನ್ನೆ ಬೆಳಿಗ್ಗೆ ಅದನ್ನು ನುಂಗುವುದು ಬಿಟ್ಟು ಅಂಗಿಯ ಜೇಬಿಗೆ ಹಾಕಿಕೊಂಡು, ಗ್ಯಾಸ್ ಸಿಲಿಂಡರನ್ನು ಎದೆಗವಚಿ ಒಳಗೆ ತಂದೆ. ಜೇಬಿನಲ್ಲಿ ಏನೋ ಪಟ್ ಎಂದಿತು. ಎದೆಯ ಮೇಲೆ ಹಳದಿ ಕಲೆ. ಹೆಂಡತಿ ಬೈದಳು, ಬೈಯಲಿ. ನನ್ನ ಮೂಗಿಗೆ ಬೇರೆಯದೇ ಬಡಿದಿತ್ತು. ಎಣ್ಣೆಯ, ರಬ್ಬರಿನ, ಸ್ವಲ್ಪ ಸಿಹಿಯಾದ ಆ ವಾಸನೆ… ಹುಮನಾಬಾದಿನ ಹೆದ್ದಾರಿ ಪಕ್ಕದ ನಮ್ಮ ಪೇಂಟ್‌ಬಾಲ್ ಮೈದಾನದ ವಾಸನೆ ಅದು. ಅದರ ಹಿಂದೆಯೇ ಎದುರುಮನೆಯ ಕಾಕಾ ನೆನಪಿಗೆ ಬಂದರು.

ಕಾಕಾ ಎಂದರೆ ನೆಂಟರೇನಲ್ಲ. ಬಸವಕಲ್ಯಾಣದ ಕೋಟೆ ಕಡೆಯ ನಮ್ಮ ಗಲ್ಲಿಯಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ಪ್ರಾಯದಲ್ಲಿ ಹೈದರಾಬಾದಿಗೆ ಹೋಗಿ ಸಿನಿಮಾದ ಹೊಡೆದಾಟದವರ ಗುಂಪು ಸೇರಿದವರು. ಅವರ ಕೆಲಸ ಸಾಯುವುದು. ಹೀರೋ ಎರಡು ಕೈಯಲ್ಲಿ ಎರಡು ಪಿಸ್ತೂಲು ಹಿಡಿದು, ಕರಾಟೆಯವರ ಹಾಗೆ ಗರಗರ ತಿರುಗಿ, ಕತ್ತು ಹೊರಳಿಸದೆ ಬೆನ್ನ ಹಿಂದೆ ಗುಂಡು ಹಾರಿಸುತ್ತಾನೆ. ಆಗ ಅಟ್ಟದ ಮೇಲಿನಿಂದ ಒಬ್ಬ ಕೆಳಗೆ ಉರುಳುತ್ತಾನಲ್ಲ, ಅವರೇ ನಮ್ಮ ಕಾಕಾ. ಮುಖ ಕಾಣುವುದರೊಳಗೆ ಸತ್ತಿರುತ್ತಿದ್ದರು. ನಮ್ಮೂರ ಥೇಟರಿನಲ್ಲಿ ನಾವು ಸೀಟಿ ಹೊಡೆಯುತ್ತಿದ್ದದ್ದು ಹೀರೋಗಲ್ಲ, ಬೀಳುವ ಕಾಕಾಗೆ.

ಅವರ ಹೆಂಡತಿ ಕಾಕು ಮಾತ್ರ ಗಂಡನ ಒಂದು ಸಿನಿಮಾವನ್ನೂ ನೋಡಲಿಲ್ಲ. ‘ತಾಳಿ ಕಟ್ಟಿದ ಗಂಡ ಸಾಯೋದು ಟಿಕೀಟ್ ತಗದು ನೋಡಬೇಕೇನ್ರಿ?’ ಎನ್ನುತ್ತಿದ್ದರು. ಗಲ್ಲಿಯ ಹೆಂಗಸರು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಸೊಂಟ ಕೆಟ್ಟು ಊರಿಗೆ ಮರಳಿ, ಬಸ್‌ಸ್ಟ್ಯಾಂಡಿನ ಬಳಿ ಪಾನಪಟ್ಟಿ ಅಂಗಡಿ ಇಟ್ಟುಕೊಂಡ ಮೇಲೂ ಆ ಮಾತು ಅವರೊಳಗೆ ಎಲ್ಲೋ ಚುಚ್ಚುತ್ತಲೇ ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಮತ್ತು ಹುಮನಾಬಾದಿನ ನನ್ನ ಭಾವ ಸೇರಿ ಧಾಬಾ ಒಂದರ ಹಿಂದಿನ ಬಯಲಿನಲ್ಲಿ ಪೇಂಟ್‌ಬಾಲ್ ಆಟ ಶುರುಮಾಡಿದ್ದೆವು. ಸುತ್ತ ಬಲೆ, ಒಳಗೆ ಹಳೆಯ ಟೈರು, ಡ್ರಮ್ಮು, ಸಿಮೆಂಟ್ ಪೈಪು. ಗ್ಯಾಸಿನ ಬಂದೂಕು, ಅದರ ತಲೆಯ ಮೇಲೊಂದು ಡಬ್ಬಿ, ಡಬ್ಬಿಯ ತುಂಬ ಬಣ್ಣದ ಗುಂಡು. ಗುಳಿಗೆಯಂಥದೇ ಸಿಪ್ಪೆ, ಬಡಿದರೆ ಒಡೆದು ಬಣ್ಣ ಹತ್ತುತ್ತದೆ. ಕಾಯಿದೆ ಒಂದೇ: ಗುಂಡು ಬಡಿದವನು ತಾನೇ ಕೈ ಎತ್ತಿ ಹೊರಗೆ ಬರಬೇಕು. ಕಾಲೇಜು ಹುಡುಗರು, ಮದುವೆಗೆ ಬಂದ ಬೀಗರು, ಬೇಸರವಾದ ಲಾರಿಯವರು, ಎಲ್ಲರೂ ಬರುತ್ತಿದ್ದರು.

ಒಂದು ದಿನ ಕಾಕಾ ನನ್ನ ಗಾಡಿಯ ಹಿಂದೆ ಕುಳಿತು ಬಂದರು. ಬಹಳ ಹೊತ್ತು ಬಲೆಗೆ ಮುಖ ಹಚ್ಚಿ ನಿಂತರು. ಆಮೇಲೆ ಎರಡು ಬಂದೂಕು ಕೇಳಿದರು.

ಹೀರೋಗಳ ಆಟವೆಲ್ಲ ಅವರಿಗೆ ಬಾಯಿಪಾಠ. ಎಷ್ಟೆಂದರೂ ಅವರೆಲ್ಲರ ಕೈಯಲ್ಲಿ ಸತ್ತವರು. ಕೈ ಕತ್ತರಿ ಹಾಕಿ ಎರಡೂ ಬದಿಗೆ ಹೊಡೆಯುವುದು, ಮಂಡಿಯ ಮೇಲೆ ಜಾರುವುದು, ಸುತ್ತು ತಿರುಗಿ ನೋಡದೆ ಹಿಂದಿನವನನ್ನು ಕೆಡವುವುದು… ನೋಡಲು ಚೆಂದವೋ ಚೆಂದ. ಆದರೆ ನಮ್ಮ ಬಂದೂಕಿಗೆ ಸಿನಿಮಾ ಗೊತ್ತಿಲ್ಲವಲ್ಲ. ಸೊಗಸಿಗೆಂದು ಅಡ್ಡ ಹಿಡಿದರೆ ಡಬ್ಬಿಯಿಂದ ಗುಂಡು ಇಳಿಯುವುದೇ ಇಲ್ಲ. ಅವರು ಒಂದು ಸುತ್ತು ತಿರುಗುವಷ್ಟರಲ್ಲಿ ಎದುರಿನವರು ಡ್ರಮ್ಮಿನ ಹಿಂದೆ ಆರಾಮಾಗಿ ಕುಳಿತು ಅವರ ಬೆನ್ನಿಗೆ ಬಣ್ಣ ಬಳಿದಿರುತ್ತಿದ್ದರು.

ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿತ್ತು. ಎಲ್ಲಾದರೂ ಟಪ್ ಎಂದರೆ ಸಾಕು, ಕಾಕಾ ಬಿದ್ದುಬಿಡುತ್ತಿದ್ದರು. ಗುಂಡು ಮೈಲಿ ದೂರ ಹೋಗಿದ್ದರೂ ಅಷ್ಟೇ. ಸದ್ದು ಕೇಳಿದೊಡನೆ ಬೀಳಬೇಕು ಎಂದು ಮೈಗೆ ಅಷ್ಟು ವರ್ಷ ಕಲಿಸಿದ್ದರು. ಈಗ ಬೇಡ ಎಂದರೆ ಅದು ಕೇಳುತ್ತಿರಲಿಲ್ಲ. ‘ಬಡದಿಲ್ರಿ ಕಾಕಾ, ಏಳ್ರಿ!’ ಎಂದು ನಾನು ಕೂಗುತ್ತಿದ್ದೆ. ಅವರು ನಾಚಿಕೊಂಡು ಏಳುವಷ್ಟರಲ್ಲಿ ನಿಜವಾಗಿಯೇ ಬಡಿಯುತ್ತಿತ್ತು.

ಒಮ್ಮೆ ಮರಳುವಾಗ ದಾರಿಯ ರಾಜೇಶ್ವರ ಊರಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಬಟ್ಟಲು ಕೆಳಗಿಟ್ಟು ಕಾಕಾ ಹೇಳಿದರು: ‘ಒಂದ್ ಸಲ, ಒಂದೇ ಸಲ, ಆಟ ಮುಗಿಯೋ ತನಕ ನಿಂತಿರಬೇಕು ನೋಡಪಾ. ಅದನ್ನ ಅಕಿ ನೋಡಬೇಕು.’ ಅಕಿ ಎಂದರೆ ಕಾಕು.

ಆಮೇಲೆ ಬೆಳಗಾದರೆ ಅವರ ಮಾಳಿಗೆಯಿಂದ ಢಣ್ ಢಣ್ ಸದ್ದು. ಹತ್ತಿ ನೋಡಿದರೆ, ಕಾಕಾ ಎರಡು ಲಟ್ಟಣಿಗೆ ಹಿಡಿದು ಸುತ್ತುತ್ತಿದ್ದಾರೆ. ಹಿಂದೆ ನಿಂತ ಕಾಕು ಹಿತ್ತಾಳೆಯ ತಾಟಿಗೆ ಸೌಟಿನಿಂದ ಬಾರಿಸುತ್ತಿದ್ದಾರೆ. ಸದ್ದಾದಾಗ ಬೀಳಬಾರದು, ಅದೇ ಅಭ್ಯಾಸ. ಮೊದಮೊದಲು ಬೀಳುತ್ತಿದ್ದರು, ಕಾಕು ಬೈಯುತ್ತ ಎಬ್ಬಿಸುತ್ತಿದ್ದರು. ಬರಬರುತ್ತ ಮೊಣಕಾಲು ಮಾತ್ರ ನಡುಗುತ್ತಿತ್ತು. ಕೊನೆಗೆ ಅದೂ ನಿಂತಿತು. ‘ಇವ್ರು ನಿಂತಿದ್ದು ನೋಡಾಕ ನಾನೂ ಬರ್ತೀನಿ’ ಎಂದರು ಕಾಕು. ಅಂದು ಕಾಕಾನ ಮುಖ ನೋಡಬೇಕಿತ್ತು ನೀವು.

ಆ ಭಾನುವಾರ ಕಾಕು ಇಳಕಲ್ ಸೀರೆ ಉಟ್ಟು ಬಂದು, ಬಲೆಯ ಹೊರಗೆ ಕುರ್ಚಿಯಲ್ಲಿ ಕುಳಿತರು. ಎದುರಿಗೆ ಹುಮನಾಬಾದಿನ ಕಾಲೇಜು ಹುಡುಗರು. ನಾನು ಗ್ಯಾಸ್ ತುಂಬುತ್ತಿದ್ದಾಗ ಭಾವ ಅವರ ನಡುವೆ ನಿಂತು ಏನೋ ಪಿಸುಗುಟ್ಟುತ್ತಿದ್ದ. ಏನೆಂದು ಗೊತ್ತಾದದ್ದು ಆಟ ಶುರುವಾದ ಮೇಲೆಯೇ.

ಕಾಕಾ ಸುತ್ತಿದರು, ಜಾರಿದರು, ಕೈ ಕತ್ತರಿ ಹಾಕಿದರು. ಟಪ್ ಟಪ್ ಸದ್ದಿನ ನಡುವೆಯೂ ಬೀಳಲಿಲ್ಲ. ಕಾಕು ಕುರ್ಚಿಯ ತುದಿಗೆ ಬಂದಿದ್ದರು. ಹುಡುಗರು ಒಬ್ಬೊಬ್ಬರಾಗಿ ಕೈ ಎತ್ತಿ ಹೊರಗೆ ಬಂದರು. ಅವರಲ್ಲಿ ಅರ್ಧ ಜನರ ಮೈಮೇಲೆ ಒಂದು ಹನಿ ಬಣ್ಣವಿರಲಿಲ್ಲ. ಭಾವನ ಪಿಸುಮಾತು ಏನೆಂದು ಆಗ ಅರ್ಥವಾಯಿತು. ಕೊನೆಗೆ ಉಳಿದವನೊಬ್ಬ. ಅವನು ಕಾಕಾನ ಎದುರಿಗೇ ಬಂದು ನಿಂತು ಹೊಡೆದ. ಗುಂಡು ತಲೆಯ ಮೇಲಿಂದ ಹೋಯಿತು. ಇನ್ನೊಂದು ಹೊಡೆದ, ಅದೂ ಹಾಗೆಯೇ ಹೋಯಿತು.

ಕಾಕಾ ಸುತ್ತುವುದನ್ನು ನಿಲ್ಲಿಸಿದರು. ಹಿಂದಿನ ಬಲೆಯನ್ನು ನೋಡಿದರು, ಹುಡುಗನನ್ನು ನೋಡಿದರು, ಒಮ್ಮೆ ಕಾಕುವನ್ನೂ ನೋಡಿದರು. ಸುಳ್ಳು ಗುಂಡಿನ ಎದುರು ಆಯುಷ್ಯ ಕಳೆದ ಮನುಷ್ಯನಿಗೆ ಬೇಕೆಂದೇ ತಪ್ಪಿಸಿದ ಗುಂಡು ತಿಳಿಯುವುದಿಲ್ಲವೇ? ಎರಡೂ ಬಂದೂಕು ಕೆಳಗಿಳಿಸಿದರು. ಆಮೇಲೆ ಯಾವ ಸದ್ದೂ ಇಲ್ಲದೆ ಬಿದ್ದರು. ಮೊದಲು ಹೆಗಲು, ಆಮೇಲೆ ಸೊಂಟ, ಕೊನೆಗೆ ಮೆಲ್ಲಗೆ ಬಿಚ್ಚಿಕೊಂಡ ಅಂಗೈ… ಅಷ್ಟು ಚೆಂದ ಅವರು ಯಾವ ಸಿನಿಮಾದಲ್ಲೂ ಸತ್ತಿರಲಿಲ್ಲ.

ಕಾಕು ಬಲೆ ಎತ್ತಿ ಒಳಗೆ ಓಡಿದರು. ಪಕ್ಕದಲ್ಲಿ ಕುಳಿತು ಎದೆ, ಹೊಟ್ಟೆ, ತೋಳು ಎಲ್ಲ ಸವರಿ ಬಣ್ಣ ಹುಡುಕಿದರು. ‘ಎಲ್ಲೂ ಬಡದಿಲ್ರಿ. ಏಳ್ರಿ.’

‘ಬಡದದ’ ಎಂದರು ಕಾಕಾ, ಕಣ್ಣು ಮುಚ್ಚಿಕೊಂಡೇ.

‘ಎಲ್ಲಿ?’

ಕಾಕಾ ಎದ್ದು, ಬಂದೂಕು ಎರಡನ್ನೂ ನನ್ನ ಕೈಗೆ ಕೊಟ್ಟರು.

ಭಾವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನೋ, ಅಳುವವನ ಹಾಗೆ ನಿಂತಿದ್ದ. ‘ಹಿರೇರು ಖುಷಿ ಆಗ್ಲಿ ಅಂತ ಮಾಡಿದ್ನಿ ಮಾರಾಯಾ’ ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದು ನನಗೂ ಗೊತ್ತು. ಸಂಜೆ ಕಾಕುವನ್ನು ಮನೆಗೆ ಕಳಿಸಿ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತರು. ‘ಸುಳ್ಳ ಗುಂಡಿನ ಮ್ಯಾಲೇ ಹೊಟ್ಟಿ ಹೊರದೀನಿ. ಖರೇ ಗುಂಡು ಒಂದು ಹೊಡೀಬಾರದಿತ್ತೇನು ಆ ಹುಡುಗ? ಬಿದ್ರೂ ಚಿಂತಿ ಇರ್ಲಿಲ್ಲ’ ಎಂದರು. ಮತ್ತೆಂದೂ ಮೈದಾನಕ್ಕೆ ಬರಲಿಲ್ಲ. ಮಾಳಿಗೆಯ ಮೇಲೆ ತಾಟಿನ ಸದ್ದೂ ನಿಂತಿತು. ಸ್ವಲ್ಪ ದಿನಕ್ಕೆ ಮೈದಾನವೂ ಮುಚ್ಚಿತು. ಈಗ ಅಲ್ಲಿ ಲಾರಿ ತೊಳೆಯುತ್ತಾರೆ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಕಾಕುವಿನ ದನಿ ಕೇಳಿ ಓಡಿದೆ. ಕಾಕಾ ಅಂಗಳದಲ್ಲಿ ಬಿದ್ದಿದ್ದರು. ಈ ಸಲ ಬಿದ್ದದ್ದರಲ್ಲಿ ಚೆಂದವೇನೂ ಇರಲಿಲ್ಲ, ಒಂದು ಕೈ ಮೈಯಡಿ ಸಿಕ್ಕಿಕೊಂಡಿತ್ತು. ಡಾಕ್ಟರು ಬಂದು ಎದೆಯೊಡೆದು ತೀರಿಕೊಂಡಿದ್ದಾರೆ ಎಂದರು. ಕಾಕು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆ, ಹೊಟ್ಟೆ, ತೋಳು ಸವರುತ್ತಿದ್ದರು. ‘ಎಲ್ಲೂ ಬಡದಿಲ್ರಿ… ಏಳ್ರಿ… ಎಲ್ಲೂ ಬಡದಿಲ್ಲ…’ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಮುಖ ಹಚ್ಚಿ ಅತ್ತೆ.

ಮೊನ್ನೆ ಹೆಂಡತಿಯ ಬೈಗುಳ ಮುಗಿಯಲೆಂದು ಅದೇ ಅಂಗಿಯಲ್ಲಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಎದುರು ಬಾಗಿಲಲ್ಲಿ ಕಾಕು ಅದೇ ಹಿತ್ತಾಳೆಯ ತಾಟಿನಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ತಾಟಿನ ಅಂಚೆಲ್ಲ ತಗ್ಗು ಬಿದ್ದಿದೆ. ತಲೆ ಎತ್ತಿ ನನ್ನನ್ನು ನೋಡಿದರು. ಕೈ ನಿಂತಿತು. ಎದೆಯ ಮೇಲಿನ ಹಳದಿ ಕಲೆಯ ಮೇಲೆಯೇ ಅವರ ಕಣ್ಣು.

‘ನಿನಗ ಬಡದದಲ್ಲೋ ತಮ್ಮಾ’ ಎಂದರು.

ಗುಳಿಗೆ ಒಡೆದದ್ದು ಎಂದು ಹೇಳಬಹುದಿತ್ತು. ‘ಹೌದ್ರಿ ಕಾಕು’ ಎಂದು ಆಟದ ಕಾಯಿದೆಯಂತೆ ಕೈ ಎತ್ತಿದೆ.